ಉಸಿರೆಳೆದುಕೊಳ್ಳುವ ಎದುರಾಳಿ

ಆ ಹಿರಿಯರಿಗೆ ಅಲ್ಲಿ ಎದುರಾಳಿ ಎಂದೇ ಹೆಸರು. ಸ್ವೀಡನ್ನಿನ ಲುಂಡ್‌ನಲ್ಲಿ ನನ್ನ ಮೊಮ್ಮಗಳ ಪಿಎಚ್‌ಡಿ ಪರೀಕ್ಷೆಯಲ್ಲಿ ತಪ್ಪು ಹುಡುಕಲೆಂದೇ ಅವರನ್ನು ಕರೆಸಿದ್ದರು. ಅವಳು ಬರೆದದ್ದು ಅಮೆರಿಕದ ಹಳೇ ಕೋರ್ಟ್ ಜಗಳ. ಒಂದು ಜಿಲ್ಲೆಯ ಸರ್ಕಾರ ರೈಲು ತರಿಸಲು ಸಾಲದ ಬಾಂಡ್ ಮಾರಿತಂತೆ. ರೈಲು ಬರಲಿಲ್ಲ, ದುಡ್ಡು ವಾಪಸ್ ಕೊಡೆವು ಎಂದಿತಂತೆ. ಬಾಂಡ್ ಕೊಂಡವರು ಕೋರ್ಟಿಗೆ ಹೋದರಂತೆ.

ಎದುರಾಳಿಯವರು ಕನ್ನಡಕ ಹಣೆಗೇರಿಸಿ ಪ್ರಶ್ನೆ ಕೇಳುವರು. ಇವಳು ಉತ್ತರಿಸಿದಾಗಲೆಲ್ಲ ಬಿಸಿ ಕಾಫಿಗೆ ತುಟಿ ಸುಟ್ಟುಕೊಂಡವರಂತೆ ‘ಶ್ಯುಪ್’ ಎಂದು ಉಸಿರೆಳೆದುಕೊಳ್ಳುವರು. ಹುಡುಗಿ ಫೇಲು ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ಕೇಳಿದೆ, “ಅಷ್ಟೊಂದು ತಪ್ಪು ಮಾಡಿದ್ಯೇನೇ?”

“ಪಾಸಾದೆ ಅಜ್ಜಿ. ಅವ್ರು ಉತ್ತರ ಸ್ವೀಡನ್‌ನವ್ರು. ಅಲ್ಲಿ ‘ಹೌದು’ ಅನ್ನೋದೇ ಹಾಗೆ.”

ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರೇ ಬಂದು ನನ್ನನ್ನು ಏನೋ ಕೇಳಿದರು.

“ನಾನು ನಿಮ್ಮ ಮೊಮ್ಮಗಳಾ ಅಂತ ಕೇಳ್ತಿದ್ದಾರೆ, ಅಜ್ಜಿ.”

ಎದೆ ತುಂಬ ‘ಶ್ಯುಪ್’ ಎಂದು ಉಸಿರೆಳೆದುಕೊಂಡೆ.