ಸುಳಿ ಮುಚ್ಚಬಾರದು

ನನ್ನ ಮಗಳು ದೊಡ್ಡವಳಾದದ್ದು ಅವಳ ಸ್ಟ್ರಾಬೆರಿ ಸಸಿಗಳನ್ನು ನಾಟಿ ಮಾಡಬೇಕಿದ್ದ ಭಾನುವಾರದ ಬೆಳಗ್ಗೆಯೇ. ಇನ್ನೊಂದು ದಿನ ತಡವಾಗಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು ಎಂದು ದೇವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ರಾಜಾನುಕುಂಟೆ ಕಡೆಯ ನರ್ಸರಿಯಿಂದ ದೀಪಾವಳಿ ಕಳೆದ ಮೇಲೆ ತಂದಿದ್ದ ಸಸಿಗಳು ಅವು. ಒಂದು ಟ್ರೇ ತುಂಬ ಇದ್ದವು, ಒಂದೊಂದೂ ಅಂಗೈಯಷ್ಟೂ ಇಲ್ಲ. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ ಎಂದು ಕೋಗಿಲು ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲಿ ಅವಳು ಆ ಟ್ರೇಯನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಶಾಲೆಯಿಂದ ಬಂದರೆ ಶೂ ಬಿಚ್ಚುವ ಮೊದಲೇ ಮೇಲೆ ಓಟ. ಎಲೆಗೆ ತಾಗದಂತೆ ಬುಡಕ್ಕೆ ಮಾತ್ರ, ಒಂದು ಹಳೆಯ ಸ್ಟೀಲ್ ಲೋಟದಲ್ಲಿ ನೀರು ಹಾಕುವಳು. ನರ್ಸರಿಯಲ್ಲಿ ಕೇಳಿಸಿಕೊಂಡ ಒಂದು ಮಾತನ್ನು ಮನೆಮಂದಿಗೆಲ್ಲ ಒಪ್ಪಿಸಿದ್ದಳು: "ನೆಡುವಾಗ ನಡುವಿನ ಸುಳಿ ಮಣ್ಣಿನ ಮೇಲೇ ಇರ್ಬೇಕು. ಮುಚ್ಚಿದ್ರೆ ಕೊಳ್ತೋಗತ್ತೆ." ನಾನು ಅವರೆಕಾಯಿ ಸುಲಿಯುತ್ತ ಹೂಂಗುಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ.

ಆ ಭಾನುವಾರ ಅತ್ತೆ ಚಾಪೆ, ತಟ್ಟೆ, ಲೋಟ ಬೇರೆ ಮಾಡಿ ಮೊಮ್ಮಗಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿದರು. ಕೊಬ್ಬರಿ ಬೆಲ್ಲ, ಚಿಗಳಿ ಉಂಡೆ, ತುಪ್ಪ, ಉಪಚಾರಕ್ಕೇನೂ ಕಮ್ಮಿಯಿಲ್ಲ. ಆದರೆ ಒಸಗೆ ಮಾಡಿ ಆರತಿ ಎತ್ತುವವರೆಗೆ ದೇವರ ಮನೆಗೆ, ಅಡುಗೆಮನೆಗೆ, ಮಹಡಿಗೆ ಹೋಗುವಂತಿಲ್ಲ.

"ಮಹಡಿಗ್ಯಾಕೆ ಬೇಡ ಅಜ್ಜಿ?"

"ಗಿಡ ಅವಲ್ಲವ್ವ ಅಲ್ಲಿ. ಇಂಥ ಟೈಮಲ್ಲಿ ಎಣ್ಮಕ್ಳು ಮುಟ್ಟುದ್ರೆ ಒಣಗೋಯ್ತವೆ. ನಾವೆಲ್ಲ ಮಲ್ಲಿಗೆ ಬಳ್ಳಿ ತಾವ್ಕೂ ಓಗ್ತಿರ್ಲಿಲ್ಲ."

"ಮಗೂಗೆ ಇದೆಲ್ಲ ಹೇಳ್ಬೇಡಿ ಅತ್ತೆ," ಎಂದೆ. "ಆಯ್ತು ಬುಡವ್ವ, ನೀನು ಓದಿರೋಳು," ಎಂದರು. ಮನೆಯವರು ಪೇಪರಿನೊಳಗೆ ಮುಖ ಹುದುಗಿಸಿಕೊಂಡರು. ಇಂಥ ಹೊತ್ತಿನಲ್ಲೇ ಅವರಿಗೆ ಷೇರುಪೇಟೆಯ ಸುದ್ದಿ ಬಹಳ ಹಿಡಿಸುತ್ತದೆ.

ಮಾರನೆಯ ದಿನ ನಾನು ಆಫೀಸಿನಿಂದ ಬರುವಷ್ಟರಲ್ಲಿ ನಾಟಿ ಮುಗಿದಿತ್ತು. ಸಸಿಗಳು ಟ್ರೇಯಲ್ಲೇ ಬಾಡುತ್ತವೆ ಎಂದು ಮಗಳು ಅತ್ತಿದ್ದಳಂತೆ. ಅದನ್ನು ನೋಡಲಾರದೆ ಅತ್ತೆ ಆ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ, ಎಲ್ಲವನ್ನೂ ಗ್ರೋ ಬ್ಯಾಗುಗಳಿಗೆ ನೆಟ್ಟು ಬಂದಿದ್ದರು. ಈಗ ಅಪಾರ್ಟ್‌ಮೆಂಟ್ ಎದ್ದಿರುವ ನಮ್ಮ ಹಳೆಯ ಹೊಲದಲ್ಲಿ ವರ್ಷಗಟ್ಟಲೆ ಟೊಮೆಟೊ, ಬದನೆ ಪೈರು ನೆಟ್ಟ ಕೈ ಅದು.

"ಕತ್ತಿನ ಮಟ್ಟ ಮಣ್ಣು ಕೊಟ್ಟು ಅಮುಕಿವ್ನಿ. ಬಿರುಗಾಳಿ ಬಂದ್ರೂ ಅಲ್ಲಾಡಾಕಿಲ್ಲ," ಎಂದರು, ಸೊಂಟ ಹಿಡಿದುಕೊಂಡು.

"ಅಜ್ಜಿ, ಸುಳಿ ಮೇಲಿದೆ ತಾನೆ?" ಎಂದು ಕೋಣೆಯೊಳಗಿಂದ ಇವಳು ಕೂಗಿದಳು.

"ನಂಗೇ ನಾಟಿ ಯೋಳ್ಕೊಡ್ತೀಯೇನೇ ಚೋಟುದ್ದದೋಳೇ!" ಅತ್ತೆ ನಕ್ಕರು. ನಾನೂ ನಕ್ಕೆ. ನಿಜವಾಗಿಯೂ ಆ ಮುದಿಜೀವದ ಮೇಲೆ ಆಗ ಪ್ರೀತಿ ಉಕ್ಕಿ ಬಂದಿತ್ತು.

ಮುಂದಿನ ವಾರ ಒಸಗೆ ಆಯಿತು. ಮರುದಿನ ಬೆಳಗ್ಗೆ ಇನ್ನೂ ಮಂಜು ಕರಗಿರಲಿಲ್ಲ, ಮಗಳು ಒದ್ದೆ ಕೂದಲಲ್ಲೇ ಮಹಡಿಗೆ ಓಡಿದಳು. ಅವಳು ಕಿರುಚಿದ್ದು ಕೇಳಿ ನಾನು ಒಲೆ ಆರಿಸಿ ಓಡಿದೆ. ಎಲೆಗಳೆಲ್ಲ ಜೋತುಬಿದ್ದಿದ್ದವು. ಒಂದನ್ನು ಹಿಡಿದೆಳೆದರೆ ಕಪ್ಪಾದ ಬುಡದಿಂದ ಕಿತ್ತು ಕೈಗೇ ಬಂತು.

ಅತ್ತೆ ಏದುಸಿರು ಬಿಡುತ್ತ ಬಂದು ನೋಡಿದರು. "ನೀನು ಮ್ಯಾಲಕ್ಕೆ ಬಂದಿದ್ದೆ ತಾನೆ?"

ಮಗಳ ಮುಖ ಬಿಳಿಚಿಕೊಂಡಿತು. "ಒಂದೇ ಸಲ ಅಜ್ಜಿ. ನೀನು ಮಧ್ಯಾಹ್ನ ಮಲ್ಗಿದ್ದಾಗ."

"ನಾ ಯೋಳ್ಲಿಲ್ವಾ? ನೋಡು, ಇಂಗಾಯ್ತು."

"ಅಮ್ಮ, ನಾನೇ ಸಾಯ್ಸ್‌ಬಿಟ್ಟೆ," ಎಂದು ಅವಳು ತನ್ನೆರಡು ಕೈಗಳನ್ನೂ ಫ್ರಾಕಿಗೆ ಒರೆಸಿಕೊಳ್ಳತೊಡಗಿದಳು. ಒರೆಸಿದಳು, ಮತ್ತೆ ಒರೆಸಿದಳು. ಗಿಡ ಹಾಳಾಗಿ ಹೋಗಲಿ, ಏಳನೇ ಕ್ಲಾಸಿನ ಹುಡುಗಿ ತನ್ನ ಕೈಯಲ್ಲೇ ವಿಷವಿದೆ ಎಂದು ನಂಬಿಬಿಟ್ಟರೆ ಅದನ್ನು ನಾನು ಎಲ್ಲಿಂದ ಕಿತ್ತು ತೆಗೆಯಲಿ?

ಮಂಡಿಯೂರಿ ಕೂತು ಮಣ್ಣು ಕೆದಕಿದೆ. ಸುಳಿಗಳು ಬೆರಳುದ್ದ ಆಳದಲ್ಲಿ ಹೂತು ಕೊಳೆತಿದ್ದವು. ಯಾವ ಬ್ಯಾಗು ನೋಡಿದರೂ ಹಾಗೆಯೇ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ ಮೂರು ಸಸಿಗಳು ಹಸಿರಾಗಿ ನಿಂತಿದ್ದವು, ಹೊಸ ಎಲೆಯನ್ನೂ ಬಿಟ್ಟಿದ್ದವು. ಅವುಗಳ ಸುತ್ತ ಮಣ್ಣನ್ನು ಯಾರೋ ತಟ್ಟೆಯಂತೆ ಬಿಡಿಸಿದ್ದರು.

"ಇದನ್ನ ಯಾರೇ ಬಿಡಿಸಿದ್ದು?"

"ನಾನೇ. ಅವತ್ತು ಬಂದಾಗ ಸುಳಿ ಮುಚ್ಚೋಗಿತ್ತು. ಮೂರು ಬಿಡಿಸ್ದೆ. ಅಷ್ಟೊತ್ತಿಗೆ ಅಜ್ಜಿ ಹೇಳಿದ್ದು ನೆನಪಾಗಿ ಭಯ ಆಯ್ತು, ಓಡೋದೆ."

"ಅಯ್ಯೋ ಪೆದ್ದಿ! ನೀನು ಮುಟ್ಟಿದ್ದೇ ಕಣೇ ಬದುಕಿರೋದು! ನೀನು ಮುಟ್ಟದೇ ಇರೋದು ಸತ್ತಿರೋದು!" ಅಕ್ಕಪಕ್ಕದ ಮಹಡಿಗಳಿಗೆಲ್ಲ ಕೇಳುವ ಹಾಗೆ ಕಿರುಚಿದೆ.

ಅತ್ತೆ ಒಂದು ಬ್ಯಾಗಿನ ಮುಂದೆ ಕುಕ್ಕರಿಸಿ, ಕೊಳೆತ ಬುಡವನ್ನು ಎತ್ತಿ ಮೂಸಿ ನೋಡಿದರು. "ನನ್ ಕೈಯಾಗೆ ಪೈರು ಸತ್ತಿದ್ದಿಲ್ಲ," ಎಂದರು.

ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಮೊದಲ ಹಣ್ಣು ಕೆಂಪಾಯಿತು. ಅತ್ತೆ ಅದನ್ನು ತಾವೇ ಕಿತ್ತು ತಂದು ಮೊಮ್ಮಗಳ ಬಾಯಿಗಿಟ್ಟರು. "ನನ್ ಮಾತು ತಪ್ಪು ಕಣವ್ವ. ನಿನ್ ಕೈಗುಣ ಚೆಂದಾಗೈತೆ." ಆ ಬಾಯಿಂದ ತಪ್ಪು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮಗಳು ಹುಳಿಗೆ ಮುಖ ಕಿವುಚಿ ನಕ್ಕಳು. ಸದ್ಯ, ಮುಗಿಯಿತು ಎಂದುಕೊಂಡೆ.

ಅದೇ ವಾರ ಅವಳು ಎರಡನೆಯ ಸಲ ಮುಟ್ಟಾದಳು. ಈ ಸಲ ಚಾಪೆಯೂ ಇಲ್ಲ, ತಟ್ಟೆಯೂ ಬೇರೆಯಿಲ್ಲ, ನಾನು ಬಿಡಲಿಲ್ಲ. ಬೆಳಗ್ಗೆ ನೋಡಿದರೆ ಸ್ಟೀಲ್ ಲೋಟದ ತುಂಬ ನೀರು ಹಿಡಿದು ಮಹಡಿಯ ಮೊದಲ ಮೆಟ್ಟಿಲ ಮುಂದೆ ನಿಂತಿದ್ದಾಳೆ.

"ಅಮ್ಮ, ಇವತ್ತು ನೀನು ಹಾಕ್ತೀಯಾ?"

"ಯಾಕೆ? ನೀನೇ ಕಣ್ಣಾರೆ ನೋಡಿದ್ಯಲ್ಲೇ."

"ಏನೂ ಆಗಾಕಿಲ್ಲ, ನೀನೇ ಓಗವ್ವ," ಎಂದು ಅತ್ತೆಯೂ ಒಳಗಿನಿಂದ ಕೂಗಿದರು. ದನಿಯಲ್ಲಿ ಅಂಗಲಾಚುವಿಕೆ ಇತ್ತು.

ಮಗಳು ನಮ್ಮಿಬ್ಬರನ್ನೂ ನೋಡಿದಳು. ಮೆಟ್ಟಿಲು ಹತ್ತಲಿಲ್ಲ.

"ನೋಡ್ದೆ ಅಮ್ಮ. ಆದ್ರೂ ಉಳಿದಿರೋದು ಮೂರೇ ಅಲ್ವಾ," ಎಂದು ಲೋಟವನ್ನು ನನ್ನ ಕೈಗೆ ಕೊಟ್ಟಳು.