ಅಂಟುವ ಹರಿವಾಣ

ಎಂಬತ್ತು ಸೈನಿಕರನ್ನೂ ಒಬ್ಬ ರಾಣಿಯನ್ನೂ ತೊಡೆಯ ಮೇಲಿಟ್ಟುಕೊಂಡು, ಸ್ಕೂಟರಿನ ಹಿಂದಿನ ಸೀಟಿನಲ್ಲಿ ಮುರ್ಡೇಶ್ವರದಿಂದ ಕುಮಟೆಯವರೆಗೆ ಹೋದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅದೂ ಒಂದು ಸಲವಲ್ಲ, ಹನ್ನೆರಡು ಸಲ. ಹಿಂದಿನ ಜನ್ಮದ ಪಾಪಕ್ಕೆ ಒಬ್ಬೊಬ್ಬರಿಗೆ ಒಂದೊಂದು ಶಿಕ್ಷೆ ಸಿಗುತ್ತದಂತೆ. ನನಗೆ ದೇವರಾಜ ಮಾಸ್ತರನ ಸ್ನೇಹ ಸಿಕ್ಕಿತು.

ದೇವರಾಜ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ನಾನು, ಮೋಹನ, ಅದೇ ಶಾಲೆಯಲ್ಲಿ ಗಣಿತ ಕಲಿಸುವವನು. ಅವನ ಪಕ್ಕದ ಮನೆಯವನು ಬೇರೆ. ಶನಿಯಾರ ಎಂಬ ಹೆಸರಿನ ಅವನ ಅಪ್ಪ ಮೀನುಗಾರಿಕೆ ಬಿಟ್ಟು ಮನೆಯಲ್ಲಿ ಕೂತ ಮೇಲೆ ಹಳೆಯ ಬೀಸುಬಲೆ ಅಟ್ಟ ಸೇರಿತ್ತು. ಅದರ ಅಂಚಿಗೆ ಕಟ್ಟಿದ್ದ ಸೀಸದ ಗುಂಡುಗಳನ್ನು ದೇವರಾಜ ಒಂದೊಂದಾಗಿ ಬಿಚ್ಚಿ, ಕರಗಿಸಿ, ಪ್ಲಾಸ್ಟರಿನ ಅಚ್ಚಿಗೆ ಹೊಯ್ದು ಒಂದೂವರೆ ಇಂಚಿನ ಸೈನಿಕರನ್ನು ಮಾಡಿದ. ಗೇರುಸೊಪ್ಪೆಯ ಸೈನ್ಯವಂತೆ. ಭರ್ಚಿ, ಗುರಾಣಿ, ನಗಾರಿ, ಮಧ್ಯದಲ್ಲಿ ರಾಣಿ, ಎಲ್ಲಕ್ಕೂ ಬಣ್ಣ. ಕೂದಲೆಳೆಯಷ್ಟು ಸಣ್ಣ ಕುಂಚದಲ್ಲಿ ಮೀಸೆ ಬರೆಯುತ್ತಾನೆ ಮಹರಾಯ. ಮಕ್ಕಳ ಡ್ರಾಯಿಂಗ್ ಪುಸ್ತಕ ತಿದ್ದಲು ಮಾತ್ರ ಕಣ್ಣು ಸರಿ ಕಾಣುವುದಿಲ್ಲ ಅನ್ನುತ್ತಾನೆ.

ಈ ಸೈನ್ಯ ಯುದ್ಧ ಮಾಡುವುದು ಕುಮಟೆಯಲ್ಲಿ, ತ್ರ್ಯಂಬಕ ಹೆಗಡೆಯವರ ಊಟದ ಮೇಜಿನ ಮೇಲೆ. ಅದು ಚದುರಂಗದ ಹಾಗೆಯೇ ಇಬ್ಬರ ಆಟ, ಆದರೆ ಮನೆಗಳಿಲ್ಲ. ಸ್ಕೇಲು ಹಿಡಿದು ಇಷ್ಟು ಇಂಚು ಮುಂದೆ ನಡೆಸಬೇಕು, ದಾಳ ಹಾಕಿ ಯಾರು ಸತ್ತರೆಂದು ನೋಡಬೇಕು. ತ್ರ್ಯಂಬಕರು ವಿಮೆ ಕಂಪನಿಯ ಅಧಿಕಾರಿ. ಅವರದ್ದು ಪೋರ್ತುಗೀಸರ ಸೈನ್ಯ, ಪರದೇಶದಿಂದ ಪಾರ್ಸೆಲ್ಲಿನಲ್ಲಿ ಬಂದದ್ದು, ಗಾಜಿನ ಕಪಾಟಿನಿಂದ ಮೇಜಿಗೆ ನಾಲ್ಕು ಹೆಜ್ಜೆ ನಡೆದರೆ ಯುದ್ಧಭೂಮಿ ತಲುಪುತ್ತದೆ. ನಮ್ಮದು ಹೆದ್ದಾರಿಯ ಹೊಂಡ, ಉಬ್ಬು, ಮುಗಿಯದ ಕಾಮಗಾರಿ, ಎಲ್ಲ ದಾಟಿ ಹೋಗಬೇಕು. ಚಪ್ಪಲಿಯ ರಟ್ಟಿನ ಡಬ್ಬಿಯಲ್ಲಿ ಹತ್ತಿ ತುಂಬಿ ಮಲಗಿಸಿ ಒಯ್ದರೂ, ಹೊನ್ನಾವರದ ಸೇತುವೆ ದಾಟುವಷ್ಟರಲ್ಲಿ ಒಳಗೆ ಗಲಗಲ ಸದ್ದು ಶುರುವಾಗುತ್ತಿತ್ತು. ಕುಮಟೆಯಲ್ಲಿ ಡಬ್ಬಿ ತೆರೆದರೆ ಭರ್ಚಿ ಮುರಿದವರು, ತಲೆ ಹೋದವರು, ಒಬ್ಬರ ಗುರಾಣಿಯಲ್ಲಿ ಇನ್ನೊಬ್ಬರ ಕಾಲು. ಮುರಿದವರನ್ನು ಆಟಕ್ಕೆ ಸೇರಿಸಬಾರದೆಂದು ತ್ರ್ಯಂಬಕರು ನಿಯಮ ಮಾಡಿದ್ದರು. ದಾರಿಯಲ್ಲಾದ ಹಾನಿಗೆ ಕ್ಲೇಮ್ ಇಲ್ಲ ಎಂದು ನಗುತ್ತಾ ಚಹಾ ಕೊಡುತ್ತಿದ್ದರು. ಹೀಗೆ ಹನ್ನೊಂದು ಆಟ ಆಯಿತು, ಹನ್ನೊಂದನ್ನೂ ದೇವರಾಜ ಸೋತ.

ಸೋತದ್ದಕ್ಕೆ ಅವನಿಗೆ ಅಷ್ಟು ಬೇಸರವಿರಲಿಲ್ಲ. ಒಂದೇ ಒಂದು ಸಲ, ಎಂಬತ್ತು ಜನರನ್ನೂ ನಿಂತ ಹಾಗೇ ಕುಮಟೆಗೆ ಮುಟ್ಟಿಸಬೇಕು, ಆಮೇಲೆ ಸೋತರೂ ಸೈ ಎಂದು ಸ್ಟಾಫ್ ರೂಮಿನಲ್ಲಿ ಹೇಳುವಾಗ ಅವನ ದನಿ ಸಣ್ಣದಾಗುತ್ತಿತ್ತು. ನನಗೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಅನ್ನಿಸುತ್ತಲೂ ಇತ್ತು.

ಆಗ ಅವನಿಗೆ ಹೊಳೆದದ್ದು ಆಯಸ್ಕಾಂತ. ಸೀಸಕ್ಕೆ ಅದು ಅಂಟುವುದಿಲ್ಲ. ಹಾಗಾಗಿ ಪ್ರತಿಯೊಬ್ಬನ ಕಾಲಡಿಗೂ ಒಂದೊಂದು ಆಯಸ್ಕಾಂತದ ಪೀಠ ಮಾಡಿ, ಕಬ್ಬಿಣದ ತಟ್ಟೆಯ ಮೇಲೆ ನಿಲ್ಲಿಸಿ ಒಯ್ಯುವುದು ಅವನ ಯೋಜನೆ. ಪೀಠಕ್ಕೆ ನೀರಿನ ಬಾಟಲಿಯ ಮುಚ್ಚಳಗಳೇ ಸಾಕು ಎಂದು ಬೆಳಿಗ್ಗೆ ಬೇಗ ಎದ್ದು ಮುರ್ಡೇಶ್ವರದ ಮರಳಿನ ಮೇಲೆ ಮುಚ್ಚಳ ಹೆಕ್ಕತೊಡಗಿದ. ಯಾರೋ ಫೋಟೋ ತೆಗೆದು, ಕಡಲತೀರದ ಸ್ವಚ್ಛತೆಗೆ ಶಿಕ್ಷಕರ ನಿಸ್ವಾರ್ಥ ಸೇವೆ ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮುಚ್ಚಳ ಬಿಚ್ಚಿಕೊಂಡು ಬಾಟಲಿಯನ್ನು ಅಲ್ಲೇ ಬಿಟ್ಟು ಬರುತ್ತಿದ್ದ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಚಪ್ಪಾಳೆ ಹೊಡೆಸಿದ ಮೇಲೆ ನಾಚಿಕೆಯಾಗಿ ಬಾಟಲಿಗಳನ್ನೂ ಹೆಕ್ಕಿದ.

ಮುಚ್ಚಳದ ಹೊಟ್ಟೆಗೆ ಪೈಪಿನ ತೂತು ಮುಚ್ಚುವ ಎಂಸೀಲ್ ತುಂಬಿ, ಅಂಗಿಯ ಗುಂಡಿಯಷ್ಟು ಅಗಲದ ಆಯಸ್ಕಾಂತವನ್ನು ಅಂಚಿಗೆ ಸಮನಾಗಿ ಒತ್ತುವುದು. ಅದು ಗಟ್ಟಿಯಾದ ಮೇಲೆ ಮಗುಚಿ, ಮೇಲ್ಭಾಗಕ್ಕೆ ಗೋಂದು ಸವರಿ, ಮರಳು ಉದುರಿಸಿ, ಸೈನಿಕನನ್ನು ನಿಲ್ಲಿಸುವುದು. ಕೆಲಸ ಚೆಂದವೇ. ಆದರೆ ಆಯಸ್ಕಾಂತಕ್ಕೆ ಎರಡು ಮುಖ ಇದೆ ಎಂಬುದನ್ನು ಮರೆತು ಮೊದಲ ನಲವತ್ತನ್ನು ಸಿಕ್ಕ ಹಾಗೆ ಒತ್ತಿಬಿಟ್ಟ. ಮೇಜಿನ ಮೇಲೆ ರಾಣಿಯ ಪಕ್ಕಕ್ಕೆ ಸೇನಾಪತಿಯನ್ನು ತಂದರೆ ಅವನು ಹಿಂದೆ ಹಿಂದೆ ಸರಿಯುತ್ತಿದ್ದ. ನಗಾರಿಯವನು ಮಾತ್ರ ದೂರದಿಂದಲೇ ಜಾರಿ ಬಂದು ರಾಣಿಯನ್ನು ಗಟ್ಟಿಯಾಗಿ ಅಪ್ಪಿಕೊಳ್ಳುತ್ತಿದ್ದ. ನಾನು ನಕ್ಕು ನಕ್ಕು ಕೆಮ್ಮಿದೆ. ದೇವರಾಜ ಒಂದು ವಾರ ಮಾತು ಬಿಟ್ಟು, ನಲವತ್ತನ್ನೂ ಕೆತ್ತಿ ತೆಗೆದು, ಹೆಂಡತಿಯ ಉಗುರುಬಣ್ಣದಲ್ಲಿ ಆಯಸ್ಕಾಂತದ ಒಂದೇ ಮುಖಕ್ಕೆ ಚುಕ್ಕಿಯಿಟ್ಟು ಮತ್ತೆ ಕೂರಿಸಿದ. ಈಗ ಎಲ್ಲರೂ ಎಲ್ಲರನ್ನೂ ಒಂಚೂರು ದೂರ ತಳ್ಳುತ್ತಾ, ಶಾಲೆಯ ಪ್ರಾರ್ಥನೆಯ ಸಾಲಿಗಿಂತ ಶಿಸ್ತಿನಲ್ಲಿ ನಿಂತರು.

ಉಳಿದದ್ದು ತಟ್ಟೆ. ಬಿಸ್ಕಿಟ್ ಡಬ್ಬಿಯ ಮುಚ್ಚಳದಲ್ಲಿ ಹನ್ನೆರಡೇ ಜನ ಹಿಡಿದರು. ವೆಲ್ಡಿಂಗ್ ಅಂಗಡಿಯಿಂದ ತಂದ ತಗಡಿನ ಅಂಚು ನನ್ನ ತೊಡೆ ಕೊಯ್ದಿತು. ಉಪ್ಪುಗಾಳಿಗೆ ಎಂಟೇ ದಿನದಲ್ಲಿ ತುಕ್ಕೂ ಹಿಡಿಯಿತು. ಕೊನೆಗೆ ಒಂದು ಶನಿವಾರ ಮಧ್ಯಾಹ್ನ, ಹನ್ನೆರಡನೆಯ ಆಟದ ಹಿಂದಿನ ದಿನ, ನನ್ನನ್ನೂ ಕರೆದುಕೊಂಡು ಹೊನ್ನಾವರದ ಪಾತ್ರೆ ಅಂಗಡಿಗೆ ಹೋದ.

ಅಂಗಡಿಯ ವಿಶ್ವನಾಥ ಅಗಲವಾದ ಸ್ಟೀಲ್ ಹರಿವಾಣಗಳನ್ನು ಸಾಲಾಗಿ ಇಟ್ಟರು. ಒಳ್ಳೆಯ ಸ್ಟೀಲಿಗೆ ಆಯಸ್ಕಾಂತ ಅಂಟುವುದಿಲ್ಲ, ಅಂಟಿದರೆ ಅಗ್ಗದ ಮಾಲು ಎಂಬುದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಗೊತ್ತು. ಕೆಲವರು ಪಾತ್ರೆ ಕೊಳ್ಳಲು ಬರುವಾಗ ಆಯಸ್ಕಾಂತವನ್ನು ಪರ್ಸಿನಲ್ಲೇ ತರುತ್ತಾರೆ. ವಿಶ್ವನಾಥ ತಮ್ಮದೇ ಆಯಸ್ಕಾಂತ ಹಿಡಿದು, ಅದು ಜಾರಿ ಬೀಳುವುದನ್ನು ಹೆಮ್ಮೆಯಿಂದ ತೋರಿಸಿದರು. ದೇವರಾಜನ ಮುಖ ಬಾಡಿತು. ಅಂಟುವಂಥದ್ದು ಇಲ್ಲವೇ ಎಂದು ಕೇಳಿದ.

ವಿಶ್ವನಾಥ ಕನ್ನಡಕ ತೆಗೆದು ಅವನನ್ನು ನೋಡಿದರು. "ಮಾಸ್ತರೇ, ಅಂಟದ ಮಾಲು ಕೊಡಿ ಅಂತ ಜಗಳ ಮಾಡೂ ಜನ ಕಂಡಿದ್ದೆ. ಅಂಟೂದೇ ಬೇಕು ಅಂತ ಬಂದವ್ರು ನೀವೇ ಮೊದ್ಲು. ಅಂಥಾದ್ದು ನಮ್ಮಲ್ಲಿಲ್ಲ."

ಬರಿಗೈಯಲ್ಲಿ ಮನೆಗೆ ಬಂದವನು ಒಬ್ಬ ಸೈನಿಕನನ್ನು ಹಿಡಿದುಕೊಂಡು ಅಡುಗೆಮನೆ ಹೊಕ್ಕು, ಹೆಂಡತಿ ಸುಚಿತಾಳ ಪಾತ್ರೆಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಕೊಳಗ ಬಿಟ್ಟಿತು, ಬೋಗುಣಿ ಬಿಟ್ಟಿತು, ಡಬ್ಬಿಗಳೆಲ್ಲ ಬಿಟ್ಟವು. ಆಮೇಲೆ ಹೊರಗಿನ ಕೋಣೆಯ ಶೋಕೇಸಿನ ಎದುರು ನಿಂತ. ಅಲ್ಲಿ ಆನಿಸಿಟ್ಟದ್ದು ಅತ್ತೆ ಮಾಸ್ತಮ್ಮ ಮದುವೆಯಲ್ಲಿ ಉಡುಗೊರೆ ಕೊಟ್ಟ ಹರಿವಾಣ. ಎರಡು ಕೈ ಚಾಚಿ ಹಿಡಿಯಬೇಕಾದಷ್ಟು ದೊಡ್ಡದು, ಅಂಚಿನಲ್ಲಿ ಮನೆಯವರೆಲ್ಲರ ಹೆಸರು ಕೊರೆಸಿದ್ದು.

ಮಾಸ್ತಮ್ಮನ ಬಗ್ಗೆ ಇಲ್ಲಿ ಹೇಳಬೇಕು. ಭಟ್ಕಳದ ಪೇಟೆಯಲ್ಲಿ ನಲವತ್ತು ವರ್ಷ ಮೀನು ಮಾರಿದವಳು. ಹಾಳು ಮೀನು ಮಾರಲಿಲ್ಲ, ಹಾಳು ಸಾಮಾನು ಕೊಳ್ಳಲಿಲ್ಲ ಎಂಬುದು ಅವಳ ಮಾತು. ಮಗಳ ಮನೆಗೆ ಬಂದಾಗಲೆಲ್ಲ ಮೊದಲು ಆ ಹರಿವಾಣವನ್ನು ಸೆರಗಿನಿಂದ ಒರೆಸಿ, ತನ್ನ ಮುಖ ನೋಡಿಕೊಂಡು, ಆಮೇಲೆ ಕೂರುವವಳು. ಹದಿನಾಲ್ಕು ವರ್ಷದಿಂದ ಅದರಲ್ಲಿ ಒಂದು ಎಲೆಯಡಿಕೆ ಇಡಲೂ ಬಿಟ್ಟಿರಲಿಲ್ಲ.

ಸೈನಿಕನನ್ನು ಹತ್ತಿರ ತಂದದ್ದೇ, ಟಪ್ ಎಂದು ಹಾರಿ ಕೂತ. ಎಳೆದರೆ ಬರಲೊಲ್ಲ. ದೇವರಾಜ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನ ಕಣ್ಣಿನಲ್ಲಿ ಕುಮಟೆ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದೆ ಸುಚಿತಾ ನಿಂತಿದ್ದಳು.

ಅವಳು ಕೂಗಲಿಲ್ಲ. ಸೈನಿಕನನ್ನು ಕಿತ್ತು ಗಂಡನ ಕೈಗಿಟ್ಟು, ತಗ್ಗಿದ ದನಿಯಲ್ಲಿ ಹೇಳಿದಳು: "ಬೇಕಾರೆ ತಕಂಡೋಗಿ, ಸಂಜೆ ವಾಪಸ್ ತನ್ನಿ. ಆದ್ರೆ ಇದಕ್ಕೆ ಮ್ಯಾಗ್ನೆಟ್ ಅಂಟ್ತದೆ ಅಂತ ಅಮ್ಮಂಗೆ ಗೊತ್ತಾತು ಅಂದ್ರೆ, ನಿಮ್ಮ ಸೈನ್ಯ ಎಲ್ಲ ಕರಗಿಸಿ ಮತ್ತೆ ಬಲೆಗೇ ಕಟ್ತೆ."

ಮಾಸ್ತಮ್ಮ ಬರುವುದು ಸೋಮವಾರ ಎಂದು ಗೊತ್ತಿದ್ದುದರಿಂದ ಎಲ್ಲರೂ ಧೈರ್ಯ ತಂದುಕೊಂಡೆವು. ಭಾನುವಾರ ಬೆಳಿಗ್ಗೆ ಎಂಬತ್ತು ಜನರನ್ನೂ ರಾಣಿಯನ್ನೂ ಹರಿವಾಣದಲ್ಲಿ ನಿಲ್ಲಿಸಿ, ಮೇಲೆ ಟವೆಲ್ ಹೊದಿಸಿ ದೇವರಾಜ ಅಂಗಳಕ್ಕಿಳಿದ. ನಾನು ಸ್ಕೂಟರಿನ ಮೇಲೆ ಕೂತು ಕೈ ಚಾಚಿದ್ದೆ. ಗೇಟು ಕಿರ್ ಎಂದಿತು. ತಲೆಯ ಮೇಲೆ ಬಂಗಡೆಯ ಬುಟ್ಟಿ ಹೊತ್ತು ಮಾಸ್ತಮ್ಮ ಬಂದಳು. ಮೀನು ಚೆನ್ನಾಗಿ ಸಿಕ್ಕಿತೆಂದು ಒಂದು ದಿನ ಮೊದಲೇ ಹೊರಟಿದ್ದಳಂತೆ.

ಬುಟ್ಟಿ ಇಳಿಸಿದವಳ ಕಣ್ಣು ಟವೆಲಿನಿಂದ ಹೊರಗೆ ಇಣುಕುತ್ತಿದ್ದ ಅಂಚಿನ ಮೇಲೆ ಬಿತ್ತು. ತನ್ನ ಹರಿವಾಣ ಎಲ್ಲಿಗೆ ಹೊರಟಿತು, ಯಾರ ಮನೆಗೆ ದಾನ ಎಂದು ಕೇಳಿದಳು. ದೇವರಾಜ ಶಾಲೆ, ಪ್ರದರ್ಶನ, ಇನ್ಸ್‌ಪೆಕ್ಟರು ಎಂದು ಏನೇನೋ ತೊದಲಿದ. ಮಾಸ್ತಮ್ಮ ಒಂದು ಅಂಚು ಹಿಡಿದು ಎಳೆದಳು, ಅವನು ಇನ್ನೊಂದು ಅಂಚು ಬಿಡಲಿಲ್ಲ. ಎಳೆದಾಟದಲ್ಲಿ ಹರಿವಾಣ ವಾಲಿತು, ಅವನ ಕೈ ಜಾರಿತು, ಮಾಸ್ತಮ್ಮನ ಕೈಯಲ್ಲಿ ಅದು ಪೂರಾ ಮಗುಚಿಕೊಂಡಿತು. ಟವೆಲ್ ನೆಲಕ್ಕೆ ಬಿತ್ತು.

ಬಿದ್ದದ್ದು ಟವೆಲ್ ಮಾತ್ರ. ಎಂಬತ್ತು ಜನರೂ ರಾಣಿಯೂ ತಲೆ ಕೆಳಗಾಗಿ, ಒಬ್ಬನೂ ಅಲ್ಲಾಡದೆ ನೇತಾಡುತ್ತಿದ್ದರು.

ಬಾಗಿಲಲ್ಲಿ ಸುಚಿತಾ ಸೌಟು ಹಿಡಿದು ಹಾಗೇ ನಿಂತಳು. ಮಾಸ್ತಮ್ಮ ಬಗ್ಗಿ ಅಡಿಯಿಂದ ನೋಡಿದಳು. ಒಬ್ಬನನ್ನು ಕಿತ್ತು, ಹತ್ತಿರ ತಂದಳು. ಟಪ್. ಮತ್ತೆ ಕಿತ್ತಳು. ಟಪ್. ಪೇಟೆಯಲ್ಲಿ ನಲವತ್ತು ವರ್ಷ ಕೂತವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಆ ಹಾಳು ಯುದ್ಧವೇ ಬೇಡ, ಸೀಸವೆಲ್ಲ ಸಮುದ್ರಕ್ಕೇ ಹೋಗಲಿ ಅನ್ನಿಸಿತು. ದೇವರಾಜ ನೆಲ ನೋಡುತ್ತಾ ನಿಂತಿದ್ದ.

ಅವಳು ಹರಿವಾಣವನ್ನು ನೆಟ್ಟಗೆ ಮಾಡಿ, ಜಗಲಿಯ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡಳು.

"ಅಂಗಡಿಯವ ಎರಡು ತೋರ್ಸಿದ್ದ, ಮಾಸ್ತರ್ರೇ. ಅಂಟದೇ ಇದ್ದದ್ದು ಸಣ್ಣದಿತ್ತು. ಅಂಟೂದು ದೊಡ್ಡದಿತ್ತು. ಚಪ್ಪರದಲ್ಲಿ ಜನರಿಗೆ ದೂರದಿಂದ ಕಾಣೂದು ದೊಡ್ಡದೇ ಅಲ್ದಾ?" ಎಂದಳು. ಅಂಚಿನ ಹೆಸರುಗಳ ಮೇಲೆ ಬೆರಳಾಡಿಸಿ ಮುಂದುವರಿಸಿದಳು. "ಮದ್ವೆಗೆ ಮ್ಯಾಗ್ನೆಟ್ ಹಿಡ್ಕಂಡು ಯಾರು ಬರ್ತ್ರು ಅಂದ್ಕಂಡಿದ್ದೆ. ಅಳಿಯನೇ ತಂದ್ರು, ಹದ್ನಾಲ್ಕು ವರ್ಷ ಬಿಟ್ಟು."

ಪ್ರತಿ ಸಲ ಬಂದೊಡನೆ ಅದನ್ನು ಒರೆಸುತ್ತಿದ್ದದ್ದು ಹೆಮ್ಮೆಯಿಂದಲ್ಲ, ಎಲ್ಲಾದರೂ ತುಕ್ಕಿನ ಚುಕ್ಕಿ ಎದ್ದಿದೆಯೋ ಎಂಬ ಹೆದರಿಕೆಯಿಂದ ಎಂದು ಆಮೇಲೆ ಹೇಳಿದಳು. ಸುಚಿತಾ ಬಂದು ಅಮ್ಮನ ಪಕ್ಕ ಕೂತಳು. ದೇವರಾಜ ಮಾತು ಹುಡುಕಿ, ಅತ್ತೇ, ಊರಿಡೀ ಹುಡುಕಿದರೂ ಇಂಥದ್ದೊಂದು ಸಿಗಲಿಲ್ಲ, ಹೊನ್ನಾವರದ ಒಳ್ಳೆಯ ಮಾಲೆಲ್ಲ ನಿಮ್ಮ ಹರಿವಾಣದ ಮುಂದೆ ಕೆಲಸಕ್ಕೆ ಬಾರದ್ದು ಎಂದ. ಆ ಮನುಷ್ಯ ಅದನ್ನು ಸಮಾಧಾನಕ್ಕೆ ಹೇಳಲಿಲ್ಲ, ಅಕ್ಷರಶಃ ಹಾಗೆಯೇ ನಂಬಿದ್ದ. ಮಾಸ್ತಮ್ಮ ಅವನ ಮುಖವನ್ನು ಮೀನಿನ ಕಿವಿರು ನೋಡುವ ಹಾಗೆ ನೋಡಿದಳು. ನಿಜವೇ ಎಂದು ಗೊತ್ತಾಗಿರಬೇಕು, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಹಳದೀಪುರದಲ್ಲಿರುವ ಸಣ್ಣ ಮಗಳು ಸುಶ್ಮಿತಾಳಿಗೆ ಕೊಟ್ಟದ್ದೂ ಇದರ ಜೋಡಿಯೇ ಎಂದಳು. ಹೇಗೂ ಕುಮಟೆಯ ದಾರಿಯಲ್ಲೇ ಇದೆಯಲ್ಲ ಎಂದು ದೇವರಾಜ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಆ ದಿನ ಹೊಂಡಗಳಲ್ಲಿ ನನ್ನ ಬೆನ್ನು ಮುರಿಯಿತು, ಸೈನ್ಯ ಮುರಿಯಲಿಲ್ಲ. ಹಳದೀಪುರದಲ್ಲಿ ಸ್ಕೂಟರ್ ನಿಧಾನವಾದಾಗ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ನಿಲ್ಲಿಸದೆ ಮುಂದೆ ಹೋಗುವಂತೆ ಮಾಡಿದೆ. ಕುಮಟೆಯಲ್ಲಿ ಟವೆಲ್ ತೆಗೆದಾಗ ತ್ರ್ಯಂಬಕರು ಚಹಾ ಕೊಡುವುದನ್ನು ಮರೆತರು. ಎಂಬತ್ತಕ್ಕೆ ಎಂಬತ್ತು ಜನ ಮೇಜಿಗಿಳಿದು, ಸಂಜೆ ನಾಲ್ಕರವರೆಗೆ ಕಾದಾಡಿ, ನ್ಯಾಯವಾಗಿ ಸೋತರು. ಸೋತ ದೇವರಾಜ ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತಾ ಬಂದ.

ಮಾಸ್ತಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು. ಎಷ್ಟು ಬಿದ್ದವು ಎಂದು ಕೇಳಿದಳು. ಒಂದೂ ಬೀಳಲಿಲ್ಲ, ಆಟ ಮಾತ್ರ ಸೋತೆ ಎಂದ. ಎರಡನೆಯ ಮಾತು ಅವಳಿಗೆ ಬೇಕಾಗಿರಲಿಲ್ಲ. ಹರಿವಾಣವನ್ನು ಒಳಗೊಯ್ದು, ಇಬ್ಬರು ಭರ್ಚಿಯವರನ್ನೂ ರಾಣಿಯನ್ನೂ ಅದರಲ್ಲೇ ಬಿಟ್ಟು, ಶೋಕೇಸಿನಲ್ಲಿ ಮೊದಲಿನಂತೆ ಆನಿಸಿಟ್ಟಳು. ಮೂವರೂ ಗೋಡೆಗೆ ಹೊಡೆದ ಮೊಳೆಗಳಂತೆ ಅಡ್ಡಕ್ಕೆ ನಿಂತರು.

ಮರುದಿನ ಸಂಜೆ ಅವರ ಮನೆಗೆ ಹೋದಾಗ ಕೇರಿಯ ನಾಲ್ಕು ಹೆಂಗಸರು ಕೂತಿದ್ದರು. ಮಾಸ್ತಮ್ಮ ಹರಿವಾಣವನ್ನು ಎರಡೂ ಕೈಯಲ್ಲಿ ಹಿಡಿದು, ಮಗುಚಿ, ಜೋರಾಗಿ ಕುಲುಕಿ ತೋರಿಸುತ್ತಿದ್ದಳು.

"ಹಿಡ್ದದ್ದು ಬಿಡೂದಿಲ್ಲ. ಹಿಂಗೆ ಹಿಡಿಯೂದೇ ಬೇಕು ಅಂತ ಅಂಗಡಿ ಅಂಗಡಿ ಹುಡ್ಕಿ ತಂದದ್ದು ನಾನು. ಬೇಕಾರೆ ಗಣಿತದ ಮಾಸ್ತರ್ರನ್ನ ಕೇಳಿ."

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಒಂದು ತಪ್ಪು ಉತ್ತರ ಕಂಡರೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆಯದೆ ನಿದ್ದೆ ಬಾರದವನು ನಾನು. ಹೌದು, ನಾನೇ ನೋಡಿದ್ದೇನೆ ಎಂದೆ.