ಟ್ಯಾಂಕಿನ ಮೇಲಿನ ಕುರಿಮರಿ

ಕುರಿಗಳಿಗೆ ಲಸಿಕೆ ಹಾಕುತ್ತ ಮೂಡಲಗಿ, ಹುಕ್ಕೇರಿ ಕಡೆಯ ಹೊಲಗಳನ್ನು ತಿರುಗುವ ನನಗೆ ಹಳೆಯ ಆಫ್‌ರೋಡ್ ಬೈಕೇ ಗತಿ. ಕಲ್ಲು ಸಿಕ್ಕಿತೆಂದರೆ ಮುಂದಿನ ಚಕ್ರ ಹಿಡಿದ ಫೋರ್ಕ್ ಪೂರ್ತಿ ಕುಸಿದು ಮುಂಗೈಗೆ ಗುದ್ದುತ್ತಿತ್ತು. ಕೊನೆಗೆ ಗೋಕಾಕದಲ್ಲಿ ಅದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿಸಿ, ಮಂದ ಎಣ್ಣೆ ತುಂಬಿಸಿದೆ.

ಮರುದಿನ ಮೇಲವಂಕಿ ಬಳಿ ಕುರಿಗಾರ್ತಿ ಕಲ್ಲವ್ವ ಸಿಕ್ಕಳು. ಹಿಂಡು ಮುಂದೆ ಹೋಗಿತ್ತು. ಅವಳ ಕಂಬಳಿಯಲ್ಲಿ ಆಗಷ್ಟೇ ಹುಟ್ಟಿ ಸೊರಗಿದ ಮರಿ, ಪಕ್ಕದಲ್ಲಿ ಅದರ ತಾಯಿ, ನೆತ್ತಿ ಸುಡುವ ಬಿಸಿಲು. ಬಿಡಾರದವರೆಗೆ ಬೈಕಿನಲ್ಲಿ ಒಯ್ಯುತ್ತೇನೆಂದೆ.

"ಹ್ವಾದ ಸಲ ನಾನ ಸೊಂಟ ಹಿಡ್ಕೊಂಡ ಇಳದೀನ್ರಿ. ಈ ಕೂಸು ತಡಕೋತೈತೇನ್ರಿ?"

"ಗಾಡಿ ಮುಂದಿನ ಕಾಲು ರಿಪೇರಿ ಆಗ್ಯಾವ, ಕಲ್ಲವ್ವ."

ಅರೆಮನಸ್ಸಿನಿಂದಲೇ ಟ್ಯಾಂಕಿನ ಮೇಲೆ ಕಂಬಳಿ ಹಾಸಿ ಮರಿಯನ್ನಿಟ್ಟಳು. ತಾಯಿಕುರಿಗೆ ಅದನ್ನು ಮೂಸಲು ಬಿಟ್ಟಳು. "ಸಾವಕಾಶ ಹೋಗ್ರಿ. ವಾಸನಿ ತಪ್ಪಿದ್ರ ತಾಯಿ ಹಿಂದ ಬರಾಂಗಿಲ್ಲ."

ಕಲ್ಲಿನ ಹಳ್ಳ ಬಂತು. ಅಭ್ಯಾಸಬಲದಿಂದ ಹಲ್ಲು ಕಚ್ಚಿದೆ. ಏಟು ಬರಲೇ ಇಲ್ಲ. ಕೆಳಗೆ ಚಕ್ರ ಹುಚ್ಚೆದ್ದು ಕುಣಿಯುತ್ತಿತ್ತು, ಮೇಲೆ ಮರಿಯ ಕಿವಿ ಕೂಡ ಅಲುಗಲಿಲ್ಲ. ಇಷ್ಟು ವರ್ಷ ನನ್ನನ್ನು ಕುಟ್ಟಿದ ಗಾಡಿ ಇದೇನಾ ಎಂದು ಬೆರಗಾದೆ; ಮರಿ ಬೆಚ್ಚೀತೆಂದು ಹಾರ್ನ್ ಹೊಡೆಯಲೂ ಮನಸ್ಸಾಗಲಿಲ್ಲ.

ಬಿಡಾರದಲ್ಲಿ ಗಾಡಿ ನಿಲ್ಲಿಸಿದಾಗ, ತಾಯಿಕುರಿಯ ಜೊತೆ ಹಿಂದೆಯೇ ನಡೆದು ಬಂದ ಕಲ್ಲವ್ವ, ಮರಿಯ ಮೂಗಿಗೆ ಬೆರಳಿಟ್ಟು ಉಸಿರು ನೋಡಿದಳು.

"ಖರೇನ ಮಲಗೇತ್ರಿ!"

ಕೆಳಗಿಳಿಸಿದ್ದೇ ತಡ, ಮರಿ ಎಚ್ಚೆತ್ತು ತೂರಾಡುತ್ತ ಬಂದು, ಫೋರ್ಕಿನ ಕರಿ ರಬ್ಬರಿಗೆ ಬಾಯಿ ಹಾಕಿ ಗುದ್ದತೊಡಗಿತು. ತಾಯಿ ಪಕ್ಕದಲ್ಲೇ ನಿಂತು ನೋಡುತ್ತಿತ್ತು.

ಕಲ್ಲವ್ವ ನಕ್ಕಳು. "ಇಷ್ಟೆಲ್ಲಾ ಮಾಡ್ಸೀರಿ, ಹಾಲಿಂದೂ ಒಂದ ವ್ಯವಸ್ಥಾ ಮಾಡ್ಸಬೇಕಿತ್ರಿ."